ಬೆರಳಚ್ಚಿನ ಸಾಕ್ಷಿ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಯೋಗಶಾಲೆಯಿಂದ ಪೀನಮಸೂರವೊಂದು ಕಾಣೆಯಾಯಿತು. ಹಿಂದಿನ ಸಂಜೆ ಕೊನೆಗೆ ಹೊರಬಿದ್ದ ಹುಡುಗನ ಮೇಲೆ ನನಗೆ ಗುಮಾನಿ. ತುಂಬಿದ ತರಗತಿಯಲ್ಲೇ ಅವನನ್ನು ಬೈದೆ. "ನಾನು ತಗೊಂಡಿಲ್ಲ ಸಾರ್" ಎಂದು ಅತ್ತರೂ ನಂಬಲಿಲ್ಲ. ಎರಡು ದಿನ ಬಿಟ್ಟು ಮಸೂರ ನನ್ನದೇ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು!

ಅದು ನೆನಪಾದಾಗಲೆಲ್ಲ ಸರ್ ಹ್ಯಾರಿ ಓಕ್ಸ್ ಕೊಲೆ ಮೊಕದ್ದಮೆಯೂ ನೆನಪಾಗುತ್ತದೆ. ಅಮೆರಿಕದಲ್ಲಿ ಹುಟ್ಟಿದ ಓಕ್ಸ್, ಕೆನಡಾದ ಚಿನ್ನದ ಗಣಿಯಿಂದ ಭಾರಿ ಶ್ರೀಮಂತರಾಗಿ, ತೆರಿಗೆಯ ಹೊರೆ ತಪ್ಪಿಸಿಕೊಳ್ಳಲು ಬಹಾಮಾ ದ್ವೀಪಗಳಲ್ಲಿ ನೆಲೆಸಿದ್ದರು. 1943ರ ಜುಲೈ 8ರ ಬೆಳಿಗ್ಗೆ ನಸ್ಸೌ ನಗರದ ತಮ್ಮ ಬಂಗಲೆಯಲ್ಲಿ ಹೆಣವಾಗಿ ಸಿಕ್ಕರು. ತಲೆಗೆ ಪೆಟ್ಟು ಬಿದ್ದಿತ್ತು, ಮೈ ಸುಟ್ಟಿತ್ತು. ಹಿಂದೆ ಇಂಗ್ಲೆಂಡಿನ ದೊರೆಯಾಗಿದ್ದ ಡ್ಯೂಕ್ ಆಫ್ ವಿಂಡ್ಸರ್ ಆಗ ಅಲ್ಲಿನ ಗವರ್ನರ್. ಅವರು ಮಯಾಮಿಯಿಂದ ಇಬ್ಬರು ಪೊಲೀಸ್ ಅಧಿಕಾರಿಗಳನ್ನು ಕರೆಸಿದರು. ಎರಡು ದಿನ ಕಳೆಯುವುದರೊಳಗೆ ಅಳಿಯ ಆಲ್ಫ್ರೆಡ್ ಡಿ ಮರೀನಿಯ ಬಂಧನವಾಯಿತು. ಮಾವ-ಅಳಿಯನಿಗೆ ಆಗಿಬರುತ್ತಿರಲಿಲ್ಲ, ಗುಮಾನಿಗೆ ಅಷ್ಟು ಸಾಕಾಗಿತ್ತು.

ಮುಖ್ಯ ಸಾಕ್ಷಿ ಒಂದೇ ಒಂದು ಬೆರಳಚ್ಚು. ಕೊಲೆಯಾದ ಕೋಣೆಯಲ್ಲಿದ್ದ ಚೀನೀ ಮಡಿಕೆಪರದೆಯ ಮೇಲೆ ಅದು ಸಿಕ್ಕಿತೆಂದು ಅಧಿಕಾರಿಗಳು ಹೇಳಿದರು. ಆದರೆ ಅದು ಇದ್ದ ಜಾಗದಲ್ಲೇ ಫೋಟೊ ತೆಗೆದಿರಲಿಲ್ಲ. ಅಚ್ಚಿನ ಹಿನ್ನೆಲೆಯ ಗುರುತುಗಳು ಪರದೆಯ ಚಿತ್ತಾರಕ್ಕೆ ಹೊಂದಲೂ ಇಲ್ಲ. ಇದನ್ನು ಬೇರೆಲ್ಲಿಂದಲೋ ಎತ್ತಿ ತಂದಿದ್ದಾರೆಂದು ಆರೋಪಿಯ ವಕೀಲರು ವಾದಿಸಿದರು. ನವೆಂಬರಿನಲ್ಲಿ ಜ್ಯೂರಿ ಅಳಿಯನನ್ನು ಬಿಡುಗಡೆ ಮಾಡಿತು. ನಿಜವಾದ ಕೊಲೆಗಾರ ಇಂದಿಗೂ ಪತ್ತೆಯಾಗಿಲ್ಲ.

ಬೆರಳಚ್ಚುಗಳನ್ನು ವರ್ಗೀಕರಿಸುವ ವಿಧಾನ ರೂಪುಗೊಂಡದ್ದು ನಮ್ಮ ಕಲ್ಕತ್ತೆಯಲ್ಲಿ. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅವರ ದುಡಿಮೆ ಅದರ ಹಿಂದಿದೆ. 1897ರಲ್ಲಿ ಅಲ್ಲೇ ಬೆರಳಚ್ಚು ಕಚೇರಿಯೂ ಶುರುವಾಯಿತು. ಅಷ್ಟು ಗಟ್ಟಿಯಾದ ವಿದ್ಯೆಯೂ, ಅಪರಾಧಿಯನ್ನು ಮೊದಲೇ ಗೊತ್ತುಮಾಡಿಕೊಂಡವರ ಕೈಗೆ ಸಿಕ್ಕರೆ ನಿರಪರಾಧಿಯ ಕೊರಳಿಗೆ ಉರುಳಾಗಬಲ್ಲದು.

ಪ್ರಾಕ್ಟಿಕಲ್ ತರಗತಿಯಲ್ಲಿ ಮಕ್ಕಳು ಪುಸ್ತಕದ ಉತ್ತರ ನೋಡಿಕೊಂಡು ರೀಡಿಂಗ್ ಹೊಂದಿಸಿದರೆ ನಾನು ಗದರುತ್ತೇನೆ. ಮಸೂರದ ವಿಷಯದಲ್ಲಿ ನಾನು ಮಾಡಿದ್ದಾದರೂ ಬೇರೇನು? ನಾನೂ ಉತ್ತರವನ್ನು ಮೊದಲು ಬರೆದುಕೊಂಡಿದ್ದೆ.

ಆ ಹುಡುಗನನ್ನು ಸ್ಟಾಫ್‌ರೂಮಿಗೆ ಕರೆದು ತಪ್ಪಾಯಿತೆಂದೆ. "ಪರವಾಗಿಲ್ಲ ಸಾರ್" ಎಂದ. ಬೈದದ್ದು ಎಲ್ಲರೆದುರು, ಕ್ಷಮೆ ಕೇಳಿದ್ದು ನಾಲ್ಕು ಗೋಡೆಗಳ ನಡುವೆ. ಆ ಲೆಕ್ಕ ಸರಿಹೋಗಲಿಲ್ಲ ಎಂಬುದು ನನಗೂ ಗೊತ್ತು, ಬಹುಶಃ ಅವನಿಗೂ ಗೊತ್ತು.