ಕಾರಿನ ಪಟ್ಟಿಯೂ ನನ್ನ ಹಟವೂ

ನಮ್ಮ ಮನೆಯಲ್ಲಿ ಹಳೆಯದೊಂದು ಅಂಬಾಸಡರ್ ಕಾರು ಇದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ಅಮೃತಹಳ್ಳಿಯ ನಮ್ಮ ಅಂಗಳದಿಂದ ಅದನ್ನು ಕಳುಹಿಸಲು ಮನಸ್ಸು ಬಂದಿಲ್ಲ.

ಪ್ರತಿವರ್ಷ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆ ಮನೆಮಂದಿಯೆಲ್ಲ ಅದರಲ್ಲಿಯೇ ಹೋಗುವುದು ರೂಢಿ. ದಾಸೋಹಕ್ಕೆಂದು ಅಕ್ಕಿಯ ಮೂಟೆಗಳನ್ನೂ ಹಿಂದೆ ತುಂಬುತ್ತಿದ್ದೆವು. ಒಂದು ವರ್ಷ ಆ ಭಾರಕ್ಕೆ ಕಾರಿನ ಹಿಂಭಾಗ ಕುಸಿದು, ರಸ್ತೆಯ ಉಬ್ಬುಗಳಿಗೆ ತಳ ತಗುಲತೊಡಗಿತು. ಹಿಂದಿನ ಎರಡೂ ಸ್ಪ್ರಿಂಗುಗಳಿಗೆ ಒಂದೊಂದು ಪಟ್ಟಿ ಹೆಚ್ಚಾಗಿ ಸೇರಿಸುವಂತೆ ಗ್ಯಾರೇಜಿನವರಿಗೆ ಹೇಳಿದೆ. ಅವರು ಬೇಡವೆಂದರೂ ಕೇಳಲಿಲ್ಲ. ಗಟ್ಟಿಯಾದಷ್ಟೂ ಒಳ್ಳೆಯದೆಂಬುದು ನನ್ನ ತರ್ಕ. ಕಾರು ಎತ್ತರವಾಗಿ ನಿಂತಿತು, ನಾನು ಹಿಗ್ಗಿದೆ.

ಅನಂತರ ನಮ್ಮ ಮನೆಯವರು ಸೊಂಟನೋವೆಂದು ಹೇಳತೊಡಗಿದರು. "ವಯಸ್ಸಾಯಿತಲ್ಲ" ಎಂದುಬಿಟ್ಟೆ. ಕ್ರಮೇಣ ಅವರು ಕಾರು ಹತ್ತುವುದನ್ನೇ ಬಿಟ್ಟರು. ಯಲಹಂಕದಲ್ಲಿ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ, "ನೀವು ಕಾರಿನಲ್ಲಿ ಬನ್ನಿ, ನನಗೆ ಬಸ್ಸೇ ವಾಸಿ" ಎಂದು ಒಬ್ಬರೇ ಹೊರಟಾಗ ನನ್ನ ಕಣ್ಣು ತೆರೆಯಿತು.

ಮರುದಿನವೇ ಹೆಬ್ಬಾಳದ ಹಿರಿಯ ಮೇಸ್ತ್ರಿಯೊಬ್ಬರಿಗೆ ಕಾರು ತೋರಿಸಿದೆ. ಅವರು ಕೆಳಗೆ ಬಗ್ಗಿ ನೋಡಿ, "ಸ್ವಾಮಿ, ವರ್ಷಕ್ಕೊಂದು ದಿನದ ಮೂಟೆಗೋಸ್ಕರ ಮಿಕ್ಕ ದಿನವೆಲ್ಲ ಅಮ್ಮನವರಿಗೆ ಶಿಕ್ಷೆ ಕೊಟ್ಟಿದ್ದೀರಲ್ಲ" ಎಂದರು.

ಅವರು ತಿಳಿಸಿದ್ದಿಷ್ಟು. ಪಟ್ಟಿಗಳು ಭಾರವನ್ನು ಹೊತ್ತರೆ ಸಾಲದು, ಬಾಗಲೂ ಬೇಕು. ಒಂದೇ ಬಗೆಯ ಐದು ಪಟ್ಟಿಗಳಿಗೆ ಆರನೆಯದು ಸೇರಿದರೆ ಬಿಗಿತವು ಸುಮಾರು ಐದರಲ್ಲೊಂದು ಪಾಲು ಏರುತ್ತದೆ. ಇಬ್ಬರೇ ಕುಳಿತಾಗ ಅಂಥ ಸ್ಪ್ರಿಂಗು ಸಾಕಷ್ಟು ಬಾಗದೆ ಗುಂಡಿಯ ಪೆಟ್ಟನ್ನು ಬೆನ್ನಿಗೆ ದಾಟಿಸುತ್ತದೆ. ಪಟ್ಟಿಗಳ ನಡುವೆ ತುಕ್ಕು ಹಿಡಿದರಂತೂ ಅವು ಒಂದರ ಮೇಲೊಂದು ಜಾರದೆ ಮತ್ತಷ್ಟು ಒರಟಾಗುತ್ತವೆ. ಶಾಕ್ ಅಬ್ಸಾರ್ಬರ್ ಕಾರಿನ ಭಾರವನ್ನು ಹೊರುವುದಿಲ್ಲ. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು ಅದರ ಕೆಲಸ. ಅದು ಸವೆದಿದ್ದರೆ ಪಟ್ಟಿ ಸೇರಿಸುವುದು ಪರಿಹಾರವಲ್ಲ.

ಹೆಚ್ಚಿನ ಪಟ್ಟಿಗಳನ್ನು ತೆಗೆಸಿದೆವು. ಸಪಾಟಾಗಿದ್ದ ಹಳೆಯ ಪಟ್ಟಿಗಳಿಗೆ ಮೊದಲಿನ ಬಾಗು ಕೊಡಿಸಿ, ತುಕ್ಕು ಉಜ್ಜಿಸಿ, ಗ್ರೀಸು ಹಚ್ಚಿಸಿದೆವು. ಶಾಕ್ ಅಬ್ಸಾರ್ಬರ್ ಹೊಸದಾಯಿತು. ಟೈರಿನ ಗಾಳಿಯೂ ಹೆಚ್ಚಾಗಿತ್ತು, ಅದನ್ನೂ ಸರಿಪಡಿಸಿದರು. ಅಕ್ಕಿಯ ಮೂಟೆಗಳು ಈಗ ಬಾಡಿಗೆಯ ಟೆಂಪೋದಲ್ಲಿ ಹೋಗುತ್ತವೆ.

ಕಳೆದ ಜಾತ್ರೆಗೆ ಮನೆಯವರು ನಮ್ಮೊಡನೆ ಕಾರಿನಲ್ಲಿಯೇ ಬಂದರು. ತುಮಕೂರು ತಲುಪುವವರೆಗೆ ನಾನು ಎರಡು ಬಾರಿ "ನೋವಿದೆಯೇ?" ಎಂದು ಕೇಳಿದೆ. "ಈ ಮಾತನ್ನು ಆಗಲೇ ಕೇಳಬಾರದಾಗಿತ್ತೇ?" ಎಂದರು. ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ. ಹಳೆಯ ಕಾರುಳ್ಳ ಬಂಧುಗಳಲ್ಲಿ ನನ್ನದೊಂದು ವಿನಂತಿ: ಸ್ಪ್ರಿಂಗನ್ನು ಗಟ್ಟಿಮಾಡಿಸುವ ಮುನ್ನ ಹಿಂದಿನ ಸೀಟಿನಲ್ಲಿ ಕುಳಿತು ಬರುವವರನ್ನು ಒಮ್ಮೆ ವಿಚಾರಿಸಿರಿ.