ನಮ್ಮ ಕ್ಲಾಸಿನಲ್ಲಿ ಲೂಯಿ ರಾಜನ ವಿಚಾರಣೆ

ಐದನೇ ಸೆಮಿಸ್ಟರ್‌ನಲ್ಲಿ ನಾವು ಫ್ರೆಂಚ್ ತಗೊಂಡಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಧಾರಾಳ ಅಂತ ಸೀನಿಯರ್‌ಗಳು ಹೇಳಿದ್ದರು, ಅಷ್ಟೇ. ಹೆಸರು ಹೇಳೋದು, ಊರು ಹೇಳೋದು, ಹೋಟೆಲ್‌ನಲ್ಲಿ ಕಾಫಿ ಕೇಳೋದು ಇಷ್ಟರಲ್ಲೇ ಎರಡು ತಿಂಗಳು ಕಳೆಯಿತು. ಆಮೇಲೊಂದು ದಿನ ಮ್ಯಾಡಮ್ ಸ್ಟೀಲ್ ಡಬ್ಬಿ ತುಂಬ ಚೀಟಿ ತಂದು ಮೇಜಿನ ಮೇಲಿಟ್ಟರು. "ಒಂದೊಂದು ಎತ್ಕೊಳ್ಳಿ. ಇನ್ನು ಎರಡು ವಾರ ನೀವು ನೀವಲ್ಲ" ಅಂದರು.

ಚೀಟಿಗಳಲ್ಲಿ ಇದ್ದವರು ಫ್ರಾನ್ಸಿನ ರಾಷ್ಟ್ರೀಯ ಸಮಾವೇಶದ ಸದಸ್ಯರು. 1792ರ ಸೆಪ್ಟೆಂಬರ್‌ನಲ್ಲಿ ರಾಜಪ್ರಭುತ್ವವನ್ನೇ ರದ್ದು ಮಾಡಿ, ಆಮೇಲೆ ಹದಿನಾರನೇ ಲೂಯಿಯನ್ನು ವಿಚಾರಣೆಗೆ ನಿಲ್ಲಿಸಿದವರು. ನಮ್ಮ ಕ್ಲಾಸಿನಲ್ಲಿ 38 ಜನ. ಒಬ್ಬ ರಾಜ, ಮೂವರು ಅವನ ಪರ ವಕೀಲರು, ಉಳಿದ 34 ಜನ ಸದಸ್ಯರು. ರಾಜನ ಚೀಟಿ ಬಂದದ್ದು ನಮ್ಮ ರೂಮ್‌ಮೇಟ್‌ಗೆ. ಅವತ್ತು ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಅವನ ತಟ್ಟೆಯ ಹಪ್ಪಳ ಕಿತ್ತುಕೊಂಡು "ಗಣರಾಜ್ಯಕ್ಕೆ ಜಯವಾಗಲಿ" ಅಂತ ಕೂಗಿದ್ದೂ ಆಯಿತು.

ಪಾತ್ರಗಳ ಬಗ್ಗೆ ಓದುತ್ತಾ ಹೋದಂತೆ ತಮಾಷೆ ಸ್ವಲ್ಪ ಕಮ್ಮಿಯಾಯಿತು. ಮಿಲಿಟರಿ ಇಂಜಿನಿಯರ್ ಲಝಾರ್ ಕಾರ್ನೋ ಮರಣದಂಡನೆಯ ಪರ ಓಟು ಹಾಕಿದವನು. ಥರ್ಮೋಡೈನಮಿಕ್ಸ್‌ನಲ್ಲಿ ನಮ್ಮ ಜೀವ ತಿಂದ ಕಾರ್ನೋ ಸೈಕಲ್ ಇವನ ಮಗ ಸಾದಿಯದು! ಗಣಿತಜ್ಞ ಕೋಂಡೋರ್ಸೆ ಮರಣದಂಡನೆಯನ್ನೇ ಒಪ್ಪದವನು. ರಾಜನ ಸ್ವಂತ ಸೋದರಸಂಬಂಧಿ ಫಿಲಿಪ್, ರಾಜ ಸಾಯಲಿ ಎಂದವನು. ಅದೇ ವರ್ಷ ನವೆಂಬರ್‌ನಲ್ಲಿ ಗಿಲೋಟಿನ್ ಅವನನ್ನೂ ಬಿಡಲಿಲ್ಲ. ಇನ್ನೊಂದು ವಿಷಯ ತಿಳಿದಾಗ ನಾವು ಮುಖ ಮುಖ ನೋಡಿಕೊಂಡೆವು: 1788ರಲ್ಲಿ ನಮ್ಮ ಟಿಪ್ಪು ಕಳಿಸಿದ ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಕಂಡದ್ದು ಇದೇ ಲೂಯಿಯನ್ನು.

ಟಾಮಸ್ ಪೇನ್‌ನ ಚೀಟಿ ಬಂದದ್ದು ನಮ್ಮ ಹಾವೇರಿ ಗೆಳೆಯನಿಗೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ವರ್ಷದ ಸೆಮಿನಾರ್‌ನಲ್ಲಿ ಅವನು ಇಂಗ್ಲಿಷ್‌ನಲ್ಲಿ ತಡವರಿಸಿದ್ದನ್ನು ನಾವು ಎರಡು ವರ್ಷ ಮಿಮಿಕ್ರಿ ಮಾಡಿ ನಕ್ಕಿದ್ದೆವು. ಅವನೂ ಜೊತೆಗೆ ನಗುತ್ತಿದ್ದ. ಆದರೆ ಆಮೇಲೆ ಕ್ಲಾಸಿನಲ್ಲಿ ಅವನು ಬಾಯಿ ಬಿಟ್ಟದ್ದು ಕಡಿಮೆ. "ಮ್ಯಾಮ್, ನಂಗ ಫ್ರೆಂಚೂ ಬರಂಗಿಲ್ಲ, ಭಾಷಣಾನೂ ಬರಂಗಿಲ್ಲ" ಅಂದ. ಮ್ಯಾಡಮ್ ನಕ್ಕು, "ಪೇನ್ ಇಂಗ್ಲೆಂಡಿನವನು. ಅವನಿಗೂ ಫ್ರೆಂಚಿನಲ್ಲಿ ಭಾಷಣ ಮಾಡೋಕೆ ಬರ್ತಿರ್ಲಿಲ್ಲ. ಅವನು ಪಕ್ಕದಲ್ಲಿ ನಿಂತಿದ್ದ, ಅನುವಾದವನ್ನ ಇನ್ನೊಬ್ಬ ಸದಸ್ಯ ಓದಿದ. ನೀನೂ ನಿನ್ನ ಭಾಷೆಯಲ್ಲೇ ಮಾತಾಡು" ಅಂದರು. ಅನುವಾದದ ಕೆಲಸ ನಮ್ಮ ತಲೆಗೆ ಬಂತು.

ವಿಚಾರಣೆಯ ದಿನ ಗೆಳೆಯ ನಾಲ್ಕು ಹಾಳೆ ಹಿಡಿದು ನಿಂತ. "ರಾಜ ಅನ್ನೋ ಪದವಿ ಬ್ಯಾಡ ಅನ್ನೋದು ಬ್ಯಾರೆ. ಆ ಪದವ್ಯಾಗ ಇದ್ದ ಮನಷ್ಯಾನ್ನ ಕೊಲ್ಲೋದು ಬ್ಯಾರೆ. ಅಮೆರಿಕದ ಸ್ವಾತಂತ್ರ್ಯಕ್ಕ ಈ ಮನಷ್ಯಾ ಸಹಾಯ ಮಾಡ್ಯಾನ. ಅವನ್ನ ಅಲ್ಲಿಗೇ ಕಳಸ್ರಿ." ನಮ್ಮ ಹರಕು ಫ್ರೆಂಚಿನಲ್ಲಿ "ಇಲ್ ನ ಫೋ ಪಾ ತ್ಯುಎ ಲೊಮ್", ಆ ಮನುಷ್ಯನನ್ನು ಕೊಲ್ಲಬಾರದು, ಅನ್ನುವಷ್ಟರಲ್ಲಿ ಮರಾ ಪಾತ್ರದವನು ಎದ್ದು, "ಅನುವಾದ ಸುಳ್ಳು! ಇದು ಅವನ ಮಾತೇ ಅಲ್ಲ!" ಅಂತ ಕೂಗಿದ. ನಿಜವಾದ ಮರಾ ಕೂಡ ಹಾಗೇ ಅಡ್ಡ ಬಂದಿದ್ದನಂತೆ, ಚೀಟಿಯಲ್ಲೇ ಬರೆದಿತ್ತು. ಆದರೆ ಅವನು ಕೂಗಿದ ಕೂಡಲೇ ಇಡೀ ಕ್ಲಾಸು ನಕ್ಕಿತಲ್ಲ, ಅದು ಚೀಟಿಯಲ್ಲಿ ಇರಲಿಲ್ಲ. ಅದು ನಮ್ಮ ಹಳೇ ನಗು. ಗೆಳೆಯನ ಕೈಯಲ್ಲಿದ್ದ ಹಾಳೆ ನಡುಗುವುದು ಪಕ್ಕದಲ್ಲೇ ನಿಂತ ನಮಗೆ ಕಾಣುತ್ತಿತ್ತು. ಕೂತುಬಿಡುತ್ತಾನೆ ಅಂದುಕೊಂಡೆವು. ಅವನು ಕೂರಲಿಲ್ಲ. "ನನ್ನ ಮಾತು ಇನ್ನಾ ಮುಗದಿಲ್ಲ. ಕೇಳ್ರಿ" ಅಂದ. ನಾಲ್ಕೂ ಹಾಳೆ ಓದಿ ಮುಗಿಸಿದ. ಆಮೇಲೆ ಯಾರೂ ನಗಲಿಲ್ಲ.

ಮರುದಿನ ಮತದಾನ. 1793ರ ಜನವರಿ 16ರ ಸಂಜೆ ಶುರುವಾಗಿ ಮಾರನೇ ದಿನದವರೆಗೂ ನಡೆದಂತೆಯೇ: ಒಬ್ಬೊಬ್ಬರ ಹೆಸರು ಕೂಗಬೇಕು, ಅವರು ಮುಂದೆ ಬಂದು ಎಲ್ಲರೆದುರು ಶಿಕ್ಷೆ ಹೇಳಬೇಕು. ಆದರೆ ಇತಿಹಾಸದಲ್ಲಿ ಇದ್ದದ್ದನ್ನೇ ಹೇಳಬೇಕಾಗಿಲ್ಲ, ನಮಗೆ ಒಪ್ಪಿದ್ದನ್ನು ಕಾರಣ ಕೊಟ್ಟು ಹೇಳಬಹುದು ಅಂದಿದ್ದರು ಮ್ಯಾಡಮ್. ಅವತ್ತು ಮತದಾನದ ಹೊತ್ತಿಗೆ ನಿಜವಾದ ರಾಜ ಸಭೆಯಲ್ಲಿ ಇರಲಿಲ್ಲ. ನಮ್ಮ ರೂಮ್‌ಮೇಟ್‌ನನ್ನು ಮಾತ್ರ ಮ್ಯಾಡಮ್ ಬೇಕೆಂದೇ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. "ಲಾ ಮೋರ್", ಅಂದರೆ ಸಾವು. ಮೊದಲ ನಾಲ್ಕೈದು ಜನ ನಗುನಗುತ್ತಲೇ ಹೇಳಿದರು. ಹತ್ತು ಜನ ಆಗುವಷ್ಟರಲ್ಲಿ ದನಿ ಇಳಿಯಿತು. ರೂಮ್‌ಮೇಟ್ ತಲೆ ಎತ್ತಿ ನೋಡುತ್ತಿದ್ದ. ಬಟನ್ ಒತ್ತಿ ಹಾಕುವ ಓಟಿಗೂ ಹೆಸರು ಹೇಳಿ, ಮುಖ ನೋಡಿ ಹಾಕುವ ಓಟಿಗೂ ಎಷ್ಟು ವ್ಯತ್ಯಾಸ ಅಂತ ಅವತ್ತು ಗೊತ್ತಾಯಿತು.

ಲೆಕ್ಕ ಹಾಕಿದಾಗ 19 ಜನ ಸಾವು, 15 ಜನ ಗಡೀಪಾರು ಅಥವಾ ಜೈಲು. ಆ ಹದಿನೈದರಲ್ಲಿ ಕಾರ್ನೋ ಕೂಡ ಇದ್ದ. ಹಾವೇರಿಯವನ ಭಾಷಣ ಕೇಳಿ ಮನಸ್ಸು ಬದಲಾಯಿತಂತೆ. ಪ್ಯಾರಿಸ್‌ನಲ್ಲಿ ಓಟು ಹಾಕಿದವರು 721 ಜನ. 387 ಜನ ಸಾವು ಅಂದರು. ಉಳಿದ 334 ಜನ ಜೈಲು, ಗಡೀಪಾರು, ಷರತ್ತಿನ ಮೇಲೆ ಮರಣದಂಡನೆ ಅಂತ ಬೇರೆ ಬೇರೆ ಹೇಳಿದರು. ಜನವರಿ 21ರಂದು ರಾಜನ ತಲೆ ಉರುಳಿತು. ಪೇನ್‌ನನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಜೈಲಿಗೆ ಹಾಕಿದರು. ಹೊರಗೆ ಬಂದದ್ದು 1794ರ ನವೆಂಬರ್‌ನಲ್ಲಿ.

ಸಂಜೆ ಕ್ಯಾಂಟೀನ್‌ನಲ್ಲಿ ಎಲ್ಲರೂ ಕೂತಿದ್ದೆವು. ಆ ನಾಲ್ಕು ಹಾಳೆ ಯಾವಾಗ ಬರೆದೆ ಅಂತ ಕೇಳಿದೆವು. "ಮೂರು ರಾತ್ರಿ ಕುಂತು ಬರ್ದೀನಿ" ಅಂದ. ಫ್ರೆಂಚ್ ಇತಿಹಾಸದ ಅಷ್ಟೂ ಹೆಸರು, ತಾರೀಕು ನಮಗೆ ಎಷ್ಟು ದಿನ ನೆನಪಿರುತ್ತೋ ಗೊತ್ತಿಲ್ಲ. ಆದರೆ ಆ ನಗುವಿಗೆ ಒಂದು ಸಾರಿ ಕೇಳಬೇಕಿತ್ತು, ಕೇಳಿದೆವು. "ಸಾರಿ ಕಣೋ. ಎರಡು ವರ್ಷದ್ದೂ ಸೇರಿಸಿ."

ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇರ್ಲಿ ಬಿಡ್ರಲೇ, ಮೊದ್ಲ ಚಾ ಹೇಳ್ರಿ" ಅಂದ.