ಸೀಮೆಸುಣ್ಣದ ಲೆಕ್ಕ

1984ರಲ್ಲಿ ನಾನು ಮೈಸೂರಿನ ಲೇತ್ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿದೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಕಾಲ. ಬೋರ್ ಮಾಡಿಸಲು ಬರುತ್ತಿದ್ದ ಸಿಲಿಂಡರ್‌ಗಳಲ್ಲಿ ಜಾವಾ, ಯೆಜ್ಡಿಯದ್ದೇ ಹೆಚ್ಚು.

ಮೇಸ್ತ್ರಿ ಮೊದಲು ಸಿಲಿಂಡರ್ ಒಳಗೆ ಬೆರಳು ಆಡಿಸುತ್ತಿದ್ದರು. ಮೇಲುಗಡೆ, ರಿಂಗು ಹಿಂದಿರುಗುವ ಜಾಗದಲ್ಲಿ ಸಣ್ಣ ಮೆಟ್ಟಿಲೊಂದು ಉಗುರಿಗೆ ತಗುಲುತ್ತಿತ್ತು. ಆಮೇಲೆ ಡಯಲ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆಯುವುದು. ಸಿಲಿಂಡರನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಷ್ಟೂ ಅಳೆಯುವುದು. ಸವೆತ ನೋಡಿಕೊಂಡು ಕಾಲು, ಅರ್ಧ, ಮುಕ್ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಗೊತ್ತುಮಾಡುತ್ತಿದ್ದರು. ಅಷ್ಟು ತಾಳ್ಮೆಯಿಂದ ಅಳೆಯುವ ಕೈಯನ್ನು ನಾನು ಮತ್ತೆ ಕಂಡಿಲ್ಲ.

ಸಿಸಿ ಲೆಕ್ಕ ಕಲಿತದ್ದು ಅಂಗಡಿಯ ಕಲ್ಲುಚಪ್ಪಡಿಯ ಮೇಲೆ, ಸೀಮೆಸುಣ್ಣದಲ್ಲಿ. ಜಾವಾ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ. ಅದನ್ನು ಅದರಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಪಿಸ್ಟನ್ ಓಡಾಡುವ ಉದ್ದ, ಅಂದರೆ ಸ್ಟ್ರೋಕ್ 75ರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ 248.87.

“ಸೈಲೆನ್ಸರ್ ಎರಡಿದೆಯಲ್ಲಣ್ಣ, ಎರಡರಿಂದ ಗುಣಿಸಬೇಕಾ?” ಅಂದೆ.

“ಹೊಗೆ ಎರಡು ಕಡೆ ಹೋಯ್ತದೆ ಕಣೋ, ಪಿಸ್ಟನ್ ಒಂದೇ. ಅದು ಓಡಾಡೋ ಜಾಗ ಮಾತ್ರ ಲೆಕ್ಕ. ಹೆಡ್ ಒಳಗಿನ ಗುಂಡಿ ಸೇರಿಸಬೇಡ.”

ಅವತ್ತಿನಿಂದ ಕಂಡಕಂಡ ಗಾಡಿಗೆಲ್ಲ ಲೆಕ್ಕ ಹಾಕಿದೆ. ಬುಲೆಟ್ 70ಕ್ಕೆ 90, ಅಂದರೆ 346. ಆಮೇಲೆ ಬಂದ ಆರ್‌ಎಕ್ಸ್ 100ರದ್ದು 50ಕ್ಕೆ 50. ಹೆಸರಿಗೆ ನೂರು, ಚಪ್ಪಡಿಯ ಮೇಲೆ 98.

1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಫೋರ್ ಸ್ಟ್ರೋಕ್ ಗಾಡಿಗಳು ಬೀದಿ ತುಂಬಿದವು. ಸಿಲಿಂಡರ್, ಪಿಸ್ಟನ್, ರಿಂಗು ಸೇರಿಸಿ ಡಬ್ಬಿಯಲ್ಲೇ ಹೊಸ ಸೆಟ್ ಸಿಗತೊಡಗಿತು. ಈಗಿನ ಕೆಲವು ಸಿಲಿಂಡರ್‌ಗಳ ಒಳಮೈಗೆ ಗಟ್ಟಿ ಲೇಪನವಿರುತ್ತದೆ. ಬೋರ್ ಮಾಡಿದರೆ ಅದೇ ಕಿತ್ತುಹೋಗುತ್ತದೆ. ಸವೆದದ್ದನ್ನು ಉಳಿಸಿಕೊಳ್ಳುವ ಕೆಲಸ ಹೀಗೆ ಕೈಬಿಟ್ಟುಹೋದದ್ದು ನನಗೆ ಇವತ್ತಿಗೂ ನೋವು.

ಹೋದ ತಿಂಗಳು ಹುಡುಗನೊಬ್ಬ ಅಜ್ಜನ ಯೆಜ್ಡಿಯ ಸಿಲಿಂಡರ್ ತಂದ. ಅಳೆದರೆ ಆಗಲೇ 66 ದಾಟಿತ್ತು. ಹೊಸ ಸ್ಲೀವ್ ಕೂರಿಸಿ, ಪೋರ್ಟುಗಳ ಕಿಂಡಿ ತೆಗೆದು, ಹೋನಿಂಗ್ ಮಾಡಿ ಮತ್ತೆ 65ಕ್ಕೆ ತಂದೆ.

“66ಕ್ಕೆ ಎಷ್ಟು ಸಿಸಿ ಆಗಿತ್ತು ಅಂಕಲ್?” ಎಂದು ಫೋನ್ ತೆಗೆದ. ಸೀಮೆಸುಣ್ಣ ಅವನ ಕೈಗೆ ಕೊಟ್ಟೆ. ಚಪ್ಪಡಿಯ ಮೇಲೆ ಮಂಡಿಯೂರಿ ಕೂತು ನಿಧಾನವಾಗಿ ಗುಣಿಸಿದ. 256.59 ಬಂತು.